ವಿಲೋಮ ತರಗತಿ: ಲಚ್ಯಾಣದ ನೆಲೆಯಿಂದ

ಪಾಠವನ್ನು ಮನೆಯಲ್ಲಿ ವಿಡಿಯೊ ಮೂಲಕ ಕೇಳಿ, ಅಭ್ಯಾಸವನ್ನು ಶಾಲೆಯಲ್ಲಿ ಮಾಡುವ ವಿಲೋಮ ತರಗತಿಯನ್ನು 2007ರ ಸುಮಾರಿಗೆ ಅಮೆರಿಕದ ಕೊಲೊರಾಡೊದಲ್ಲಿ ರಸಾಯನಶಾಸ್ತ್ರದ ಶಿಕ್ಷಕರಾದ ಬರ್ಗ್‌ಮನ್ ಮತ್ತು ಸ್ಯಾಮ್ಸ್ ರೂಢಿಸಿದರು. ತರಗತಿ ತಪ್ಪಿದ ಮಕ್ಕಳಿಗಾಗಿ ಹುಟ್ಟಿದ ಉಪಾಯವಿದು. ವಿಪರ್ಯಾಸವೆಂದರೆ, ಇಂಡಿ ತಾಲ್ಲೂಕಿನ ಲಚ್ಯಾಣದಂತಹ ಊರುಗಳ ಪರಿಸರದಲ್ಲಿ ತರಗತಿ ತಪ್ಪುವವರು ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳು. ವಿಡಿಯೊ ಮೊದಲು ತಲುಪದಿರುವುದು ಅವರನ್ನೇ. ಮನೆಗೊಂದೇ ಫೋನಿದ್ದರೆ ಅದು ತಂದೆಯೊಡನೆ ಹೊಲಕ್ಕೆ ಹೋಗಿರುತ್ತದೆ. 2020ರ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಗುಡಿಯ ಕಟ್ಟೆಗೆ, ಮರದ ನೆರಳಿಗೆ ನಡೆದುಹೋಗಬೇಕಾಯಿತು. ಅಂಥವರನ್ನು ಹೊಸತಿಗೆ ಹಿಂಜರಿಯುವವರೆಂದು ದೂರುವುದು (ಅದೇ ಸುಲಭ!) ನ್ಯಾಯವಲ್ಲ. ಪಾಠ ನೋಡದೆ ಬಂದವರಿಗೆ ಅದನ್ನೇ ಮತ್ತೆ ಬೋಧಿಸಿದರೆ ಅಭ್ಯಾಸಕ್ಕೆ ಅವಧಿಯೇ ಉಳಿಯದು. ಬೋಧಿಸದಿದ್ದರೆ ಅವರು ಹಿಂದುಳಿಯುವರು. ಇತ್ತ ಎಸ್ಸೆಸ್ಸೆಲ್ಸಿ ಪಠ್ಯವೂ ಮುಗಿಯಬೇಕು.