ಹಳ್ಳಿಯೋ, ಪಳ್ಳಿಯೋ?

ಮಂಚೇನಹಳ್ಳಿ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಹಾಗಾಗಿ ಊರಹೆಸರಿನ ಜಗಳ ಬೇಗ ಹತ್ತಿಕೊಳ್ಳುತ್ತೆ. ‘ಹಳ್ಳಿ’ ಅಂದ್ರೆ ಕನ್ನಡದ್ದು, ‘ಪಲ್ಲಿ’ ಅಂದ್ರೆ ತೆಲುಗಿನದು, ಬಾಗೇಪಲ್ಲಿಯೇ ಸಾಕ್ಷಿ ಅಂತ ವಾದ. ಇವತ್ತಿನ ಮಾತಿಗೆ ಇದು ಒಪ್ಪಬಹುದು. ಶಾಸನಕ್ಕೆ ಹಚ್ಚಿದರೆ ನಿಲ್ಲದು.

ಹಳಗನ್ನಡದಲ್ಲಿ ನಮ್ಮ ಹಳ್ಳಿಯೂ ‘ಪಳ್ಳಿ’ಯೇ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಸುಮಾರು 10ನೇ ಶತಮಾನದಿಂದೀಚೆಗೆ ಪದದ ಮೊದಲ ಪಕಾರ ಹಕಾರಕ್ಕೆ ತಿರುಗಿತು. 5ನೇ ಶತಮಾನದ ಶಾಸನದಲ್ಲಿರುವ ‘ಪಲ್ಮಡಿ’ ಇವತ್ತು ಹಲ್ಮಿಡಿ. ಆದ್ದರಿಂದ ಹಳೆಯ ಕಲ್ಲಲ್ಲಿ ‘ಪಳ್ಳಿ’ ಕಂಡ ಮಾತ್ರಕ್ಕೆ ಅದು ತೆಲುಗರ ಊರಾಗೋದಿಲ್ಲ.

ಇನ್ನು ಕೆಲವರಿಗೆ ‘ಪಳ್ಳಿ’ ಕಂಡಲ್ಲೆಲ್ಲ ಬಸದಿ. ತಮಿಳಿನಲ್ಲಿ ಅದಕ್ಕೆ ಜೈನ, ಬೌದ್ಧರ ನೆಲೆ, ಶಾಲೆ ಎಂಬ ಅರ್ಥಗಳುಂಟು. ಮಲಯಾಳದಲ್ಲಿ ಮಸೀದಿ, ಚರ್ಚು. ಆದರೆ ಬರೀ ಊರು ಅನ್ನೋ ಅರ್ಥ ತಮಿಳಲ್ಲೂ ಇದೆ. ಬಸದಿ ಇತ್ತು ಅನ್ನೋಕೆ ದಾನದ ಸಾಲೋ, ನಿಸಿದಿಯೋ ಬೇಕು. ಹೆಸರಿನ ಬಾಲ ಸಾಲದು.

ಈ ಸೀಮೆಯ ಶಾಸನಗಳು ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟದಲ್ಲಿವೆ (ಕೋಲಾರ ಜಿಲ್ಲೆ, 1905). ತೆರೆದಾಗ ಮೊದಲು ಶಾಸನದ ಕಾಲ ನೋಡಿ, ಆಮೇಲೆ ಅದರ ಭಾಷೆ, ಆಮೇಲೆ ಯಾರಿಗೆ ಏನು ದಾನ ಅಂತ. ಊರಹೆಸರಿನ ತೀರ್ಪು ಕೊನೆಗಿರಲಿ. ಎರಡಕ್ಷರ ಹಿಡಿದು ಭಾಷೆಗಳ ನಡುವೆ ಗಡಿಕಲ್ಲು ನೆಡೋದು ಬೇಡ.