ದಕ್ಷಿಣೆಯ ಅಳತೆ

ಪುರೋಹಿತನಿಗೆ ಯಜಮಾನನು ಕೊಡತಕ್ಕ ದ್ರವ್ಯವು ಕೂಲಿಯೋ ದಾನವೋ ಎಂಬ ಪ್ರಶ್ನೆಯು ಧರ್ಮಶಾಸ್ತ್ರಕ್ಕೆ ಮಾತ್ರ ಸೇರಿದುದೆಂದು ಸಾಹಿತ್ಯದ ಅಧ್ಯಾಪಕರು ಸಾಮಾನ್ಯವಾಗಿ ಭಾವಿಸುವರು. ಇದರ ಫಲವಾಗಿ ರಘುವಂಶದ ಐದನೆಯ ಸರ್ಗವನ್ನಾಗಲಿ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನಾಗಲಿ ಪಾಠ ಹೇಳುವಾಗ ಸುಲಭವಾದ ಎರಡು ವ್ಯಾಖ್ಯಾನಗಳು ಬಳಕೆಗೆ ಬಂದಿವೆ. ಇವೆಲ್ಲವೂ ಪುರೋಹಿತವರ್ಗದ ಧನಾಶೆಯ ಚಿತ್ರಗಳೆಂಬುದು ಒಂದು. ದಕ್ಷಿಣೆಯು ಭಕ್ತಿಯ ಕುರುಹೇ ಹೊರತು ಅದರ ಮೊತ್ತಕ್ಕೆ ಅರ್ಥವಿಲ್ಲವೆಂಬುದು ಇನ್ನೊಂದು. ಮೊದಲನೆಯದು ಕವಿಗೆ ಅನ್ಯಾಯವನ್ನು ಮಾಡುತ್ತದೆ. ಎರಡನೆಯದು ಪುರೋಹಿತನ ಹೊಟ್ಟೆಗೆ ಅನ್ಯಾಯವನ್ನು ಮಾಡುತ್ತದೆ. ಎರಡರಲ್ಲಿಯೂ ಬಿಟ್ಟುಹೋಗಿರುವ ಅಂಶವೆಂದರೆ ಅಳತೆ. ನಮ್ಮ ಪ್ರಾಚೀನರು ದಕ್ಷಿಣೆಯನ್ನು ಕುರಿತು ಚಿಂತಿಸಿದಾಗಲೆಲ್ಲ ಕೊಡಬೇಕೋ ಬೇಡವೋ ಎಂಬುದಕ್ಕಿಂತ ಎಷ್ಟು ಎಂಬುದನ್ನೇ ಹೆಚ್ಚಾಗಿ ವಿಚಾರಿಸಿದರೆಂಬುದು ಗ್ರಂಥಗಳನ್ನು ಬಿಡಿಸಿ ನೋಡಿದವರಿಗೆ ತಿಳಿಯದೆ ಇರದು.

ಮೀಮಾಂಸಕರ ನಿರ್ಣಯವು ಈ ವಿಷಯದಲ್ಲಿ ಬಹು ನಿಷ್ಠುರವಾದುದು. ಯಜ್ಞದ ಫಲವು ಯಜಮಾನನಿಗೆ ಸೇರತಕ್ಕದ್ದು. ಋತ್ವಿಜರು ಅವನಿಗಾಗಿ ದುಡಿಯತಕ್ಕವರು. ಆದುದರಿಂದ ಅವರನ್ನು ಪರಿಕ್ರಯ ಮಾಡಿಕೊಳ್ಳುವುದು, ಎಂದರೆ ದ್ರವ್ಯಕೊಟ್ಟು ಕೆಲಸಕ್ಕೆ ಪಡೆಯುವುದು, ಯಜಮಾನನ ಹೊಣೆಯೆಂದು ಜೈಮಿನಿಯು ಮೂರನೆಯ ಅಧ್ಯಾಯದಲ್ಲಿ ನಿರ್ಣಯಿಸಿರುವನು. ಹತ್ತನೆಯ ಅಧ್ಯಾಯದಲ್ಲಿ ಪ್ರಶ್ನೆಯು ಇನ್ನೂ ಬಿಗಿಯಾಗುತ್ತದೆ. ದಕ್ಷಿಣೆಯಿಂದ ಕಣ್ಣಿಗೆ ಕಾಣದ ಪುಣ್ಯವೇನಾದರೂ ಹುಟ್ಟುವುದೋ, ಅಥವಾ ಋತ್ವಿಜರನ್ನು ಒಲಿಸಿ ಕರ್ಮಕ್ಕೆ ಬಾಗಿಸುವುದೇ ಅದರ ಪ್ರಯೋಜನವೋ? ಬಾಗಿಸುವುದೇ ಪ್ರಯೋಜನವೆಂಬುದು ಸಿದ್ಧಾಂತ. ಸತ್ರಯಾಗದ ನಿದರ್ಶನವನ್ನು ನೋಡಿದರೆ ಇದು ವಿಶದವಾಗುವುದು. ಸತ್ರದಲ್ಲಿ ಋತ್ವಿಜರೆಲ್ಲರೂ ತಾವೇ ಯಜಮಾನರು. ಬೇರೊಬ್ಬರಿಗಾಗಿ ದುಡಿಯುವವರು ಅಲ್ಲಿ ಯಾರೂ ಇಲ್ಲ. ಆದುದರಿಂದಲೇ ಅಲ್ಲಿ ದಕ್ಷಿಣೆಯೂ ಇಲ್ಲ. ದಕ್ಷಿಣೆಯಿಂದಲೇ ಪುಣ್ಯವಾಗುವುದಾಗಿದ್ದರೆ ಸತ್ರದಲ್ಲಿಯೂ ಅದು ಇರಬೇಕಾಗಿದ್ದಿತು. ಶ್ರಮಕ್ಕೆ ಪ್ರತಿಫಲವೆಂಬ ಮಾತನ್ನು ಇದಕ್ಕಿಂತ ಸಂಕೋಚವಿಲ್ಲದೆ ಹೇಳುವುದು ಕಷ್ಟ.

ಹೀಗೆಂದ ಮಾತ್ರಕ್ಕೆ ದಕ್ಷಿಣೆಯು ಸಂತೆಯ ಕೂಲಿಯಲ್ಲ. ಸಂತೆಯ ಕೂಲಿಯು ಚೌಕಾಸಿಯಿಂದ ಏರಿಳಿಯುವುದು. ಇಲ್ಲಿಯಾದರೋ ಮೊತ್ತವನ್ನು ಶ್ರುತಿಯೇ ಗೊತ್ತುಮಾಡಿದೆ. ಜ್ಯೋತಿಷ್ಟೋಮಕ್ಕೆ 112 ಗೋವುಗಳು. ಇವನ್ನು 16 ಮಂದಿ ಋತ್ವಿಜರಿಗೆ ಸಮನಾಗಿ ಹಂಚಬೇಕೋ, ಕೆಲಸದ ಹೆಚ್ಚುಕಡಿಮೆಯನ್ನು ನೋಡಿ ಹಂಚಬೇಕೋ ಎಂಬ ಚರ್ಚೆಯನ್ನೂ ಮೀಮಾಂಸಕರು ಬಿಟ್ಟಿಲ್ಲ. ಅರ್ಧಿಗಳು, ತೃತೀಯಿಗಳು, ಪಾದಿಗಳು ಎಂದು ಋತ್ವಿಜರಿಗೆ ಇರುವ ಹೆಸರುಗಳೇ ಅವರವರ ಪಾಲನ್ನು ಹೇಳುವುವೆಂದು ತೀರ್ಮಾನಿಸಿರುವರು. ಮನುಸ್ಮೃತಿಯ ವ್ಯಾಖ್ಯಾತೃಗಳು ಲೆಕ್ಕ ಸುಲಭವಾಗಲೆಂದು 100 ಗೋವುಗಳನ್ನಿಟ್ಟುಕೊಂಡು ಹಂಚಿ ತೋರಿಸುವರು: ಹೋತೃ, ಅಧ್ವರ್ಯು, ಉದ್ಗಾತೃ, ಬ್ರಹ್ಮ ಎಂಬ ನಾಲ್ವರು ಪ್ರಧಾನರಿಗೆ ತಲಾ 12, ಎರಡನೆಯ ನಾಲ್ವರಿಗೆ ತಲಾ 6, ಮೂರನೆಯವರಿಗೆ 4, ಕಡೆಯವರಿಗೆ 3. ಗಮನಿಸತಕ್ಕ ಸಂಗತಿಯೆಂದರೆ, ಮನುವು ಈ ವಿಚಾರವನ್ನು ದಾನಪ್ರಕರಣದಲ್ಲಿ ಇಡದೆ ಎಂಟನೆಯ ಅಧ್ಯಾಯದ ವ್ಯವಹಾರಪ್ರಕರಣದಲ್ಲಿ, ಹಲವರು ಕೂಡಿ ಮಾಡುವ ಉದ್ಯಮಗಳ ವಿಷಯವನ್ನು ಹೇಳುವಲ್ಲಿ ಇಟ್ಟಿರುವನು. ನಡುವೆ ಕೆಲಸ ಬಿಟ್ಟ ಋತ್ವಿಜನಿಗೆ ಮಾಡಿದಷ್ಟು ಕೆಲಸಕ್ಕೆ ತಕ್ಕ ಪಾಲು ಸಲ್ಲಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಪಾಲು ಕೊಡದಿದ್ದರೆ ರಾಜದ್ವಾರಕ್ಕೆ ಹೋಗಬಹುದಾದ ಹಕ್ಕನ್ನು ದಾನವೆನ್ನುವುದು ಹೇಗೆ?

ಈ ಶಾಸ್ತ್ರದ ಹಿನ್ನೆಲೆಯಿಂದ ಓದಿದಾಗ ಛಾಂದೋಗ್ಯೋಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ ಬರುವ ಉಷಸ್ತಿ ಚಾಕ್ರಾಯಣನ ಕಥೆಯು ಹೊಸ ಬೆಳಕಿನಲ್ಲಿ ಕಾಣುತ್ತದೆ. ತತ್ತ್ವವಿಚಾರಕರು ಈ ಕಥೆಯಲ್ಲಿ ಪ್ರಾಣ, ಆದಿತ್ಯ, ಅನ್ನಗಳೆಂಬ ದೇವತೆಗಳ ಉಪದೇಶವನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಕಥೆಯ ಹೊಟ್ಟಿನಂತೆ ತೂರಿಬಿಡುವರು. ಕಾಳೆಲ್ಲವೂ ಹೊಟ್ಟಿನಲ್ಲಿಯೇ ಇದೆಯೆಂದರೆ ಅತಿಶಯೋಕ್ತಿಯಾಗಲಾರದು. ಕುರುದೇಶದಲ್ಲಿ ಬೆಳೆ ಹಾಳಾಗಿದೆ. ಉಷಸ್ತಿಯು ಆಟಿಕಿಯೆಂಬ ಹೆಂಡತಿಯೊಡನೆ ಇಭ್ಯಗ್ರಾಮದಲ್ಲಿ ದುರ್ಗತಿಯಿಂದ ವಾಸವಾಗಿರುವನು. ಹುರುಳಿಯನ್ನೋ ಉದ್ದನ್ನೋ ಬೇಯಿಸಿ ತಿನ್ನುತ್ತಿದ್ದ ಒಬ್ಬ ಮಾವುತನನ್ನು ಬೇಡಿ ಅವನ ಎಂಜಲನ್ನೇ ತಿನ್ನುವನು. ಅವನು ಕೊಟ್ಟ ನೀರನ್ನು ಮಾತ್ರ ಮುಟ್ಟನು. ಕಾಳನ್ನು ತಿನ್ನದಿದ್ದರೆ ಜೀವವು ಉಳಿಯದು, ನೀರಾದರೋ ಬೇಕೆಂದಲ್ಲಿ ಸಿಕ್ಕುವುದು ಎಂಬುದು ಅವನ ಸಮಾಧಾನ. ಉಳಿದುದನ್ನು ಹೆಂಡತಿಗೆ ತಂದುಕೊಡಲು ಅವಳು ಆ ಮೊದಲೇ ಭಿಕ್ಷವನ್ನು ಪಡೆದಿದ್ದುದರಿಂದ ಅದನ್ನು ತೆಗೆದಿಡುವಳು. ಬೆಳಗಾಗುತ್ತಲೂ ಆತನು ಹಾಸಿಗೆಯಿಂದೇಳುತ್ತ, ಒಂದಿಷ್ಟು ಅನ್ನ ಸಿಕ್ಕಿದರೆ ಹೋಗಿ ಹಣ ಸಂಪಾದಿಸಬಹುದು, ರಾಜನು ಯಜ್ಞ ಮಾಡುತ್ತಿರುವನು, ನನ್ನನ್ನು ಎಲ್ಲ ಆರ್ತ್ವಿಜ್ಯಕ್ಕೂ ವರಿಸಿಯಾನು ಎನ್ನುವನು. ಹಳಸಿದ ಆ ಕಾಳನ್ನೇ ತಿಂದು ಹೊರಡುವನು.

ಉಪನಿಷತ್ತು ಇಷ್ಟು ವಿವರವಾಗಿ ಬಡತನವನ್ನು ಹೇಳುವುದೇತಕ್ಕೆಂಬುದು ಯಜ್ಞಶಾಲೆಯಲ್ಲಿ ತಿಳಿಯುತ್ತದೆ. ಸಾಮಗಾಯಕರು ತಾವು ಹಾಡುವ ದೇವತೆಯನ್ನು ಅರಿಯರೆಂದು ಉಷಸ್ತಿಯು ತೋರಿಸಿಕೊಟ್ಟಮೇಲೆ ರಾಜನು ಅವನ ಹೆಸರನ್ನು ಕೇಳಿ ತಿಳಿದು, ನಿಮ್ಮನ್ನೇ ಹುಡುಕಿಸಿದೆನು, ಸಿಕ್ಕದೆ ಇವರನ್ನು ವರಿಸಿದೆನು, ಈಗ ಎಲ್ಲ ಋತ್ವಿಕ್‌ಕರ್ಮವನ್ನೂ ನೀವೇ ವಹಿಸಿಕೊಳ್ಳಿ ಎಂದು ಬೇಡುವನು. ಹಸಿದವನ ಕೈಗೆ ಸರ್ವಸ್ವವೂ ಬಂದ ಕ್ಷಣವಿದು. ಅವನಾದರೋ ಮೊದಲಿನವರನ್ನು ಹೊರಡಿಸುವುದಿಲ್ಲ. ತನ್ನ ಅನುಮತಿಯಿಂದ ಅವರೇ ಹಾಡಲಿ, ಆದರೆ ಅವರಿಗೆ ಕೊಡುವಷ್ಟು ಧನವನ್ನು ತನಗೂ ಕೊಡಬೇಕು ಎನ್ನುವನು. ಅವರಿಗೆ ಕೊಡುವಷ್ಟು ಎಂಬಲ್ಲಿ ಒಬ್ಬೊಬ್ಬರ ಪಾಲೋ ಎಲ್ಲರ ಮೊತ್ತವೋ ಎಂಬ ಸಂದೇಹಕ್ಕೆ ಎಡೆಯುಂಟು. ಯಾವ ಪಕ್ಷವನ್ನು ಹಿಡಿದರೂ ಎರಡು ಸಂಗತಿಗಳು ಕದಲುವುದಿಲ್ಲ. ಅವನು ಬೇಡಿದ ಅಳತೆಯು ತನ್ನ ಹಸಿವಿನದಲ್ಲ, ತನ್ನ ವಿದ್ಯೆಯ ಹೆಮ್ಮೆಯದೂ ಅಲ್ಲ, ಆ ಕೆಲಸಕ್ಕೆ ಅಲ್ಲಿ ನಡೆದಿರುವ ದರ. ಮತ್ತು ಇನ್ನೊಬ್ಬನ ಅನ್ನವನ್ನು ಕಸಿದು ಆ ಅಳತೆಯನ್ನು ತುಂಬಿಕೊಳ್ಳಲಿಲ್ಲ. ಬ್ರಹ್ಮವಿದ್ಯೆಯ ಗ್ರಂಥವೊಂದು ತನ್ನ ಋಷಿಯ ಬಾಯಿಂದ ಸಂಬಳದ ಮಾತನ್ನು ನಾಚದೆ ಆಡಿಸಿದೆ. ನಾಚಿಕೊಂಡವರು ನಾವು.

ರಘುವಂಶದ ಕೌತ್ಸನ ಪ್ರಸಂಗವು ಬೇರೆ ಜಾತಿಯದು. ಅದನ್ನು ಋತ್ವಿಗ್ದಕ್ಷಿಣೆಯೊಡನೆ ಬೆರಸಬಾರದು. ಇಷ್ಟು ಕೊಟ್ಟರೆ ಹೇಳಿಕೊಡುವೆನೆಂಬ ಅಧ್ಯಾಪಕನನ್ನು ಭೃತಕಾಧ್ಯಾಪಕನೆಂದು ಸ್ಮೃತಿಯು ಹಳಿಯುತ್ತದೆ. ಗುರುದಕ್ಷಿಣೆಯು ವಿದ್ಯೆ ಮುಗಿದಮೇಲೆ ಶಿಷ್ಯನು ಶಕ್ತ್ಯನುಸಾರವಾಗಿ ಕೊಡತಕ್ಕದ್ದು. ವರತಂತುವು ಈ ಮರ್ಯಾದೆಯನ್ನು ಮೀರಿದವನಲ್ಲ. ಶಿಷ್ಯನ ಸೇವೆಯೇ ದಕ್ಷಿಣೆಯೆಂದು ಮೊದಲು ಹೇಳಿದನು. ಕೌತ್ಸನು ಮತ್ತೆ ಮತ್ತೆ ಕಾಡಿದಾಗ ಸಿಟ್ಟುಗೊಂಡು 14 ವಿದ್ಯೆಗಳಿಗೆ 14 ಕೋಟಿಯೆಂದನು. ಧನಾಶೆಯ ಆರೋಪವು ಅವನಿಗೆ ಅಂಟುವುದಿಲ್ಲ. ಕಾಲಿದಾಸನ ಜಾಣ್ಮೆಯಿರುವುದು ಮುಂದೆ. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನೆತ್ತಿದ ರಘುವಿಗೆ ಕುಬೇರನ ಕಡೆಯಿಂದ ಚಿನ್ನದ ಮಳೆ ಬೀಳುತ್ತದೆ. ರಾಜನು ಬಂದುದೆಲ್ಲವನ್ನೂ ಕೊಡಹೋಗುವನು. ಕೌತ್ಸನು ಗುರುವಿಗೆ ಸಲ್ಲತಕ್ಕುದನ್ನು ಮೀರಿ ಒಂದನ್ನೂ ಒಲ್ಲನು. ಸಾಕೇತದ ಜನರು ಇಬ್ಬರನ್ನೂ ಮೆಚ್ಚುವರು. ಔದಾರ್ಯವನ್ನು ಮಾತ್ರ ಹೊಗಳುವುದು ಕವಿಯ ಉದ್ದೇಶವಾಗಿದ್ದರೆ ಒಬ್ಬನನ್ನು ಮೆಚ್ಚಿಸಿದ್ದರೆ ಸಾಕಾಗಿದ್ದಿತು. ಕೊಡುವವನ ಕೈಗೆ ಅಳತೆ ಬೇಡ, ಕೊಳ್ಳುವವನ ಕೈಗೆ ಬೇಕು ಎಂಬ ವ್ಯವಸ್ಥೆಯನ್ನು ಆತನು ಇಲ್ಲಿ ಕಾಣಿಸಿರುವನು.

ಕೊಳ್ಳುವವನು ಅಳತೆಯನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಹರಿಶ್ಚಂದ್ರನ ಕಥೆಯೇ ಸಾಕು. ಮಾರ್ಕಂಡೇಯಪುರಾಣದಲ್ಲಿ ವಿಶ್ವಾಮಿತ್ರನು ಕೇಳುವುದು ರಾಜಸೂಯದ ದಕ್ಷಿಣೆಯನ್ನು. ರಾಜ್ಯವನ್ನೆಲ್ಲ ತೆಗೆದುಕೊಂಡಮೇಲೆಯೂ ಅದನ್ನು ಬೇರೆಯಾಗಿ ಕೇಳುವನು. ಸುಮಾರು 1200ರ ಕಾಲದ ರಾಘವಾಂಕನು ಇದನ್ನು ಬಹುಸುವರ್ಣಯಾಗದ ಪ್ರಸಂಗವಾಗಿ ಮಾರ್ಪಡಿಸಿಕೊಂಡನು. ಅಲ್ಲಿ ಮುನಿಯು ಕೇಳುವ ಧನಕ್ಕೆ ಎಣಿಕೆಯೇ ಇಲ್ಲ. ಆನೆಯ ಮೇಲೆ ನಿಂತವನೊಬ್ಬನು ಮೇಲಕ್ಕೆ ಎಸೆದ ವಸ್ತುವು ಮುಟ್ಟುವ ಎತ್ತರವೇ ಅದರ ಮಾನ. ಧನವನ್ನು ಅಂದೇ ಒಯ್ಯದೆ ಅರಸನಲ್ಲಿಯೇ ಬಿಟ್ಟಿದ್ದು, ಅವನು ರಾಜ್ಯವನ್ನು ಕಳೆದುಕೊಂಡಮೇಲೆ ಕೇಳುವುದು ಮುನಿಯ ಹೂಟ. ರಾಘವಾಂಕನು ಅಳತೆಯನ್ನು ಇಂತಹ ವಿಪರೀತಕ್ಕೆ ಕೊಂಡೊಯ್ದುದು ವರ್ಣನೆಯ ಚಪಲದಿಂದಲ್ಲ. ಲೆಕ್ಕವಿರುವ ದಕ್ಷಿಣೆಯು ಹಕ್ಕಾಗುತ್ತದೆ, ಲೆಕ್ಕವಿಲ್ಲದುದು ಶಸ್ತ್ರವಾಗುತ್ತದೆ ಎಂಬುದನ್ನು ತೋರಿಸುವುದಕ್ಕೆ ಆ ಎತ್ತರವು ಬೇಕಾಗಿದ್ದಿತು. ಆದರೂ ಹರಿಶ್ಚಂದ್ರನು ಮೊತ್ತವು ಅನ್ಯಾಯವೆಂದು ವಾದಿಸುವುದಿಲ್ಲ. ಮಾತು ಕೊಟ್ಟಮೇಲೆ ಅದು ಋಣ. ಕಾಶಿಯಲ್ಲಿ ಹೆಂಡತಿಮಕ್ಕಳನ್ನು ಮಾರಿ, ವೀರಬಾಹುಕನಿಗೆ ತನ್ನನ್ನೂ ಮಾರಿಕೊಂಡು ಸ್ಮಶಾನವನ್ನು ಕಾಯುವಾಗ, ಅವನೇ ಇನ್ನೊಬ್ಬರಿಂದ ತೆರೆಯನ್ನು ಕೇಳುವ ಸ್ಥಾನಕ್ಕೆ ಬರುವನು. ಮಗನ ಹೆಣವನ್ನು ತಂದ ಚಂದ್ರಮತಿಯಿಂದಲೂ ಒಡೆಯನ ಸಲ್ಲಿಕೆಯನ್ನು ಬಿಡಲೊಲ್ಲನು. ಈ ಭಾಗವನ್ನು ಕರುಣರಸದ ಪರಾಕಾಷ್ಠೆಯೆಂದು ವಿಮರ್ಶಕರು ಕೊಂಡಾಡಿರುವುದು ಸರಿಯೇ. ಆದರೆ ಮುನಿಯ ಬೇಡಿಕೆಗೂ ಈ ಬೇಡಿಕೆಗೂ ಇರುವ ಅಂತರವು ಲಕ್ಷ್ಯಕ್ಕೆ ಬರಬೇಕು. ಇಲ್ಲಿ ಕೇಳುವುದು ಅಲ್ಪ, ಗೊತ್ತಾದುದು, ಕೇಳುವವನ ಸ್ವಂತಕ್ಕೆ ಸೇರದುದು.

ಮೃಚ್ಛಕಟಿಕದ ಪ್ರಸ್ತಾವನೆಯಲ್ಲಿ ಒಂದು ಸಣ್ಣ ಸಂಗತಿಯಿದೆ. ವ್ರತದ ಊಟಕ್ಕೆ ಬ್ರಾಹ್ಮಣನನ್ನು ಹುಡುಕುತ್ತ ಸೂತ್ರಧಾರನು ಮೈತ್ರೇಯನನ್ನು ಕರೆದು ಊಟದೊಡನೆ ದಕ್ಷಿಣೆಯೂ ಉಂಟೆನ್ನುವನು. ಬಡವನಾದ ಮೈತ್ರೇಯನು ಒಪ್ಪುವುದಿಲ್ಲ. ವಿದೂಷಕನೆಂದರೆ ಭೋಜನಪ್ರಿಯನೆಂಬ ರೂಢಿಯನ್ನು ಶೂದ್ರಕನು ಮೊದಲ ಪುಟದಲ್ಲಿಯೇ ಮುರಿದಿರುವನು. ಇದನ್ನು ಅಧ್ಯಾಪಕರು ಬಿಟ್ಟುಹೋಗದೆ ಹೇಳಿದರೆ ಒಳ್ಳೆಯದು.

ಇನ್ನು ದೇವಾಲಯದ ಅರ್ಚಕನ ವಿಚಾರ. ಶ್ರೌತಕರ್ಮದ ಋತ್ವಿಜನಿಗೆ ಗೌರವದಿಂದ ಪಾಲನ್ನು ಎಣಿಸಿಕೊಟ್ಟ ಸ್ಮೃತಿಯೇ ದೇವಲಕನನ್ನು ವೈದ್ಯರು, ಮಾಂಸವಿಕ್ರಯಿಗಳು ಮೊದಲಾದವರೊಡನೆ ಸೇರಿಸಿ ಶ್ರಾದ್ಧದಿಂದ ಹೊರಗಿಟ್ಟಿದೆ. ಹಣಕ್ಕಾಗಿ ಮೂರು ವರ್ಷ ದೇವರ ಪೂಜೆ ಮಾಡಿದವನು ದೇವಲಕನೆಂಬ ಲಕ್ಷಣವೂ ಪ್ರಸಿದ್ಧವಾಗಿದೆ. ಕೆಲಸ ಒಂದೇ ಬಗೆಯದಾಗಿರುವಾಗ ಒಬ್ಬನಿಗೆ ಮರ್ಯಾದೆ, ಇನ್ನೊಬ್ಬನಿಗೆ ನಿಂದೆ ಏತಕ್ಕೆ? ಋತ್ವಿಜನ ಪಾಲಿಗೆ ಕರ್ಮದೊಡನೆಯೇ ಮೊದಲೂ ಕೊನೆಯೂ ಉಂಟು. ಅರ್ಚಕನಿಗೆ ಅಂತಹ ಎಲ್ಲೆಯನ್ನು ಯಾರೂ ಕಟ್ಟಿಕೊಡಲಿಲ್ಲವೆಂಬುದೇ ಕಾರಣವಾಗಿ ತೋರುತ್ತದೆ. ಎಲ್ಲೆಯನ್ನು ಕಟ್ಟದವರ ದೋಷವನ್ನು ಅವನ ತಲೆಗೆ ಕಟ್ಟಿದುದು ನ್ಯಾಯವೆನ್ನಲಾಗದು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಋತ್ವಿಜ, ಆಚಾರ್ಯ, ಪುರೋಹಿತರಿಗೆ ಸೇನಾಪತಿ, ಯುವರಾಜರೊಡನೆ ಸಮನಾಗಿ 48,000 ಪಣಗಳ ವೇತನವಿದೆ. ಅತಿ ಕೆಳಗಿನ ಪರಿಚಾರಕನಿಗೆ 60 ಪಣ. ಈ ಅಂತರವು ಮೆಚ್ಚತಕ್ಕದ್ದಲ್ಲ. ಆದರೆ ಕೌಟಿಲ್ಯನು ಕೊಡುವ ಕಾರಣವು ಬೆಲೆಯುಳ್ಳದ್ದು: ಅಷ್ಟು ಜೀವನ ದೊರೆತರೆ ಅವರು ಆಮಿಷಕ್ಕೆ ಒಳಗಾಗರು, ಸಿಟ್ಟಿಗೂ ಏಳರು. ವೇತನದ ಅಳತೆಯನ್ನು ಪಡೆಯುವವನ ಪುಣ್ಯದಿಂದಲ್ಲದೆ ಅವನ ಮನಸ್ಸಿನ ನೆಮ್ಮದಿಯಿಂದ ಗೊತ್ತುಮಾಡಬೇಕೆಂದು ಹೇಳಿದವನು ಆತನೊಬ್ಬನೇ.

ಹಳೆಯ ಮೈಸೂರಿನ ದೇವಾಲಯಗಳಿಗೆ ಇನಾಮು ಭೂಮಿಯೇ ಎಲ್ಲೆಯಾಗಿದ್ದಿತು. 1955ರ ಕಾನೂನಿನಿಂದ ಧಾರ್ಮಿಕ ಇನಾಮುಗಳು ರದ್ದಾಗಿ, ಭೂಮಿಗೆ ಪ್ರತಿಯಾಗಿ ವರ್ಷಕ್ಕಿಷ್ಟೆಂದು ತಸ್ತೀಕು ಗೊತ್ತಾಯಿತು. ಉಳುವವನಿಗೆ ನೆಲ ಸೇರಿದುದು ಧರ್ಮವೇ. ಆದರೆ ನೆಲದ ಬೆಳೆಯು ಬೆಲೆಯೊಡನೆ ಏರುವುದು, ನಗದಿನ ಮೊತ್ತವು ಸರಕಾರವು ಏರಿಸಿದಾಗ ಮಾತ್ರ ಏರುವುದು. ಸಣ್ಣ ದೇವಾಲಯಗಳ ತಸ್ತೀಕು 2022ರ ಆಯವ್ಯಯದಲ್ಲಿ 48,000 ರೂಪಾಯಿಯಿಂದ 60,000ಕ್ಕೆ ಏರಿತು. ತಿಂಗಳಿಗೆ 5,000 ರೂಪಾಯಿಯಾಯಿತು. ಈ ಕೊರತೆಯನ್ನು ತುಂಬುವುದು ಮಂಗಳಾರತಿಯ ತಟ್ಟೆ. ತಟ್ಟೆಯಲ್ಲಿ ನೋಟನ್ನಿಟ್ಟವರಿಗೆ ಹೂವನ್ನೂ ಕಾಸನ್ನಿಟ್ಟವರಿಗೆ ಬರಿಯ ತೀರ್ಥವನ್ನೂ ಕೊಡುವ ಕೈಯನ್ನು ನೋಡಿ ನಗುವ ಭಕ್ತರು, ಆ ಕೈಗೆ ತಾವು ಯಾವ ಅಳತೆಯನ್ನೂ ಗೊತ್ತುಮಾಡಿಲ್ಲವೆಂಬುದನ್ನು ನೆನೆಯುವುದಿಲ್ಲ.

ವಚನಕಾರರು ಈ ಗಂಟನ್ನು ಬೇರೆ ತುದಿಯಿಂದ ಬಿಡಿಸಹೊರಟರು. ಗುರುವೂ ಜಂಗಮನೂ ಕಾಯಕದಿಂದ ಹೊರಗಲ್ಲವೆಂದು ನುಲಿಯ ಚಂದಯ್ಯನು ಸಾರಿದುದರಿಂದ, ಪೂಜ್ಯನಾದವನು ದುಡಿಯದೆ ಪಡೆಯಬಹುದೆಂಬ ನಂಬುಗೆಯೇ ಕುಸಿಯಿತು. ಆಯ್ದ ಅಕ್ಕಿಯಿಂದ ದಾಸೋಹವನ್ನು ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ಕೌತ್ಸನು 14 ಕೋಟಿಯನ್ನು ಮೀರಿದ ಚಿನ್ನವನ್ನು ಒಲ್ಲೆನೆಂದುದೂ ಲಕ್ಕಮ್ಮನು ಹಿಡಿ ಅಕ್ಕಿಯನ್ನು ಒಲ್ಲೆನೆಂದುದೂ ಒಂದೇ ಬುದ್ಧಿಯ ಎರಡು ನಡೆಗಳು. ಭೇದವೊಂದುಂಟು. ಕೌತ್ಸನು ತನಗೆ ಬಂದುದನ್ನು ಬಿಟ್ಟನು. ಲಕ್ಕಮ್ಮನು ಗಂಡನು ತಂದುದನ್ನು ಬಿಡಿಸಿದಳು. ಎರಡನೆಯದು ಕಷ್ಟತರ. ಆದರೆ ವಚನಕಾರರ ಮಾರ್ಗದಲ್ಲಿಯೂ ಒಂದು ತೊಡಕು ಉಳಿಯುತ್ತದೆ: ದಿನವಿಡೀ ಪೂಜೆ, ಪಾಠ, ಸಂಸ್ಕಾರಗಳಲ್ಲಿ ತೊಡಗಿದವನಿಗೆ ಅದೇ ಕಾಯಕವೆಂದು ಒಪ್ಪಿದರೆ ಎಷ್ಟು ಕೊಡಬೇಕೆಂಬ ಪ್ರಶ್ನೆಯು ಪುನಃ ಎದ್ದು ನಿಲ್ಲುವುದು.

ಆ ಪ್ರಶ್ನೆಗೆ ಊರಿನವರೇ ಕುಳಿತು ಉತ್ತರ ಬರೆದುದಕ್ಕೆ ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನವು ಸಾಕ್ಷಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಈ ಬರಹದಲ್ಲಿ ಅಲ್ಲಿಯ ವಿದ್ಯಾಶಾಲೆಗೆ ಬಿಟ್ಟ ನೆಲ, ವಿದ್ಯಾರ್ಥಿಗಳ ಮನೆಗಳು, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ, ಎಲ್ಲವೂ ಬೇರೆಬೇರೆಯಾಗಿ ನಮೂದಾಗಿವೆ. ಅದರೊಡನೆ ಊರಿನ ಮನೆಗಳಲ್ಲಿ ಶುಭಕಾರ್ಯ ನಡೆದಾಗ ಸಲ್ಲಿಸತಕ್ಕುದೂ ಗೊತ್ತಾಗಿದೆ: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ.