ಸೂಜಿಯ ಗುಣವೆಷ್ಟು, ಮಿತಿಯೆಷ್ಟು?

ಕತ್ತು ಹಿಡಿದುಕೊಂಡು ಡ್ರೈ ನೀಡ್ಲಿಂಗ್ (ಮದ್ದಿಲ್ಲದ ಸೂಜಿಯನ್ನು ಸ್ನಾಯುವಿಗೆ ಚುಚ್ಚುವ ಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ಹಲವರು ಮಂಚದಿಂದ ಏಳುವಾಗಲೇ ಹಗುರಾಯಿತು ಎನ್ನುತ್ತಾರೆ. ಆ ಮಾತನ್ನು ಅನುಮಾನಿಸಬೇಕಿಲ್ಲ. ಅದರಿಂದ ಏನನ್ನು ತೀರ್ಮಾನಿಸಬಹುದು ಎಂಬುದಷ್ಟೇ ಪ್ರಶ್ನೆ. ಈ ಪದ್ಧತಿಯ ಬೇರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಅವರ ಕೆಲಸದಲ್ಲಿದೆ. ಬಿಗಿದ ಸ್ನಾಯುವಿನಲ್ಲಿ ಒತ್ತಿದರೆ ನೋಯುವ, ನೋವನ್ನು ದೂರಕ್ಕೂ ಹರಡುವ ಟ್ರಿಗರ್ ಪಾಯಿಂಟ್‌ಗಳಿಗೆ ಅವರು ಮರಗಟ್ಟಿಸುವ ಮದ್ದು ಚುಚ್ಚುತ್ತಿದ್ದರು. 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್, ಮದ್ದಿಲ್ಲದ ಬರಿ ಸೂಜಿಯೂ ನೋವು ತಗ್ಗಿಸುತ್ತದೆ ಎಂದು ವರದಿ ಮಾಡಿದರು: 241 ರೋಗಿಗಳಲ್ಲಿ 312 ಕಡೆ ಚುಚ್ಚಿದಾಗ ಸುಮಾರು ಶೇ. 87ರಷ್ಟು ಕಡೆ ತಕ್ಷಣ ಶಮನ. ಸಂಖ್ಯೆ ದೊಡ್ಡದೇ, ಆದರೆ ಹೋಲಿಸಿ ನೋಡಲು ಸೂಜಿ ಚುಚ್ಚದ ಗುಂಪು ಅಲ್ಲಿರಲಿಲ್ಲ.

ಆಮೇಲಿನ ಅಧ್ಯಯನಗಳು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿವೆ. ಫಿಸಿಯೋಥೆರಪಿಸ್ಟರು ಮಾಡುವ ಡ್ರೈ ನೀಡ್ಲಿಂಗ್ ಬಗೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಪರಾಮರ್ಶೆಯೊಂದು, ಹುಸಿ ಚುಚ್ಚುವಿಕೆಗಿಂತ ಇದು ಹನ್ನೆರಡು ವಾರಗಳವರೆಗೆ ನೋವನ್ನು ಹೆಚ್ಚು ತಗ್ಗಿಸುತ್ತದೆ ಎಂದಿತು. ಸಾಕ್ಷ್ಯದ ಗುಣಮಟ್ಟ ಮಾತ್ರ ಸಾಧಾರಣಕ್ಕಿಂತ ಮೇಲೇರಲಿಲ್ಲ. ದಿನನಿತ್ಯದ ಚಲನವಲನ ಸುಧಾರಿಸುವುದರಲ್ಲಿ ಬೇರೆ ಫಿಸಿಯೋಥೆರಪಿ ವಿಧಾನಗಳಿಗಿಂತ ಸೂಜಿ ಮುಂದಿರಲಿಲ್ಲ. ದೀರ್ಘಕಾಲದ ಲಾಭಕ್ಕೆ ಆಧಾರವೂ ಸಿಗಲಿಲ್ಲ. ಇನ್ನೊಂದು ತೊಡಕೂ ಇದೆ. ಚುಚ್ಚುವವರಿಗೆ ತಾವು ಚುಚ್ಚುತ್ತಿರುವುದು ಗೊತ್ತೇ ಇರುತ್ತದೆ, ಸ್ನಾಯು ಥಟ್ಟನೆ ಅದುರಿದಾಗ ರೋಗಿಗೂ ಗೊತ್ತಾಗಬಹುದು. ಹೀಗಾಗಿ ನಿರೀಕ್ಷೆಯ ಪಾಲನ್ನು ಸೂಜಿಯ ಪಾಲಿನಿಂದ ಬೇರ್ಪಡಿಸುವುದು ಸುಲಭವಲ್ಲ.

'ನನಗೆ ವಾಸಿಯಾಯಿತಲ್ಲ, ಇನ್ನೇನು ಪುರಾವೆ ಬೇಕು?' ಎನ್ನುವವರಿದ್ದಾರೆ. ಕತ್ತುನೋವು ಏರಿಳಿಯುವ ಸ್ವಭಾವದ್ದು. ಜನ ಚಿಕಿತ್ಸೆಗೆ ಹೋಗುವುದು ಅದು ತುತ್ತತುದಿ ಮುಟ್ಟಿದಾಗ. ಅಲ್ಲಿಂದ ಇಳಿಯುವ ನೋವಿನ ಶ್ರೇಯಸ್ಸೆಲ್ಲ ಕೊನೆಯ ಚಿಕಿತ್ಸೆಗೇ ಸಲ್ಲಿಬಿಡುತ್ತದೆ. ಇನ್ನೊಂದು ತುದಿಯಲ್ಲಿ ನಿಂತವರು ಟ್ರಿಗರ್ ಪಾಯಿಂಟ್ ಸಿದ್ಧಾಂತವೇ ಟೊಳ್ಳು, ಆದ್ದರಿಂದ ಸೂಜಿಯೂ ವ್ಯರ್ಥ ಎನ್ನುತ್ತಾರೆ. ಒಬ್ಬ ಪರೀಕ್ಷಕರು ಗುರುತಿಸಿದ ಬಿಂದುವನ್ನೇ ಇನ್ನೊಬ್ಬರು ಗುರುತಿಸುತ್ತಾರೆಂಬ ಭರವಸೆಯಿಲ್ಲ ಎಂಬುದು ನಿಜ. ಆದರೂ ಕಾರಣ ಸ್ಪಷ್ಟವಾಗದ ಚಿಕಿತ್ಸೆ ಫಲ ಕೊಡಬಾರದೆಂದೇನಿಲ್ಲ. ಸಿದ್ಧಾಂತ ಸಡಿಲವಾದಾಗ ಹುಟ್ಟುವ ನಿಜವಾದ ಅಪಾಯವೇ ಬೇರೆ: ಎಲ್ಲಿ ಚುಚ್ಚಬೇಕು, ಎಷ್ಟು ಬಾರಿ ಚುಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಅಳತೆಗೋಲೇ ಇಲ್ಲವಾಗುತ್ತದೆ. ಹತ್ತು ಸಿಟ್ಟಿಂಗ್‌ಗಳ ಪ್ಯಾಕೇಜ್ ಮಾರಾಟವಾಗುವುದು ಆ ಖಾಲಿ ಜಾಗದಲ್ಲೇ.

ಅಡ್ಡಪರಿಣಾಮಗಳ ವಿಷಯಕ್ಕೆ ಬಂದರೆ, ಚುಚ್ಚಿದಲ್ಲಿ ಸಣ್ಣ ನೋವು, ರಕ್ತಗಂದು ಸಾಮಾನ್ಯ, ಅವುಗಳಿಂದ ತೊಂದರೆಯಿಲ್ಲ. ಆದರೆ ಹೆಚ್ಚಾಗಿ ಚುಚ್ಚಿಸಿಕೊಳ್ಳುವ, ಕತ್ತಿನಿಂದ ಹೆಗಲಿಗೆ ಹರಡಿದ ಟ್ರೆಪೀಜಿಯಸ್ ಸ್ನಾಯುವಿನ ಮೇಲ್ಭಾಗದ ಕೆಳಗೇ ಶ್ವಾಸಕೋಶದ ತುದಿಯಿದೆ. ಕೈ ತಪ್ಪಿದರೆ ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಕುಸಿಯಬಹುದು. ಅಪರೂಪವಾದರೂ ಹೀಗಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಆದ್ದರಿಂದ ಡ್ರೈ ನೀಡ್ಲಿಂಗಿಗೆ ಸಲ್ಲಬೇಕಾದದ್ದು ಸಹಾಯಕನ ಸ್ಥಾನ: ನೋವು ತಗ್ಗಿದ ಆ ಕೆಲವು ವಾರಗಳಲ್ಲಿ ಕತ್ತು, ಹೆಗಲುಗಳ ವ್ಯಾಯಾಮ ರೂಢಿಯಾದರೆ ಸೂಜಿ ಸಾರ್ಥಕ. ವ್ಯಾಯಾಮ ಹೇಳಿಕೊಡದೆ ಸೂಜಿಯನ್ನಷ್ಟೇ ಮುಂದಿಡುವ ಕಡೆ ಎರಡನೆಯ ಸಿಟ್ಟಿಂಗ್‌ಗೆ ಹಣ ಕಟ್ಟುವ ಮುನ್ನ ಯೋಚಿಸಿ.